ತಣ್ಣನೆಯ ಗಾಳಿ ಬೀಸಿತೇ? ಮತ್ತೊಂದು ಗುಡುಗು ಮಳೆ ಬರಬಹುದು

ಏಪ್ರಿಲ್–ಮೇ ತಿಂಗಳ ಸಂಜೆ ಆನೇಕಲ್ ಕಡೆ ಗುಡುಗು ಮಳೆ ಸುರಿದರೆ, ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ ಹನಿ ಬೀಳುವ ಮೊದಲೇ ತಣ್ಣನೆಯ ಗಾಳಿ ಬೀಸುವುದುಂಟು. ಇದಕ್ಕೆ ಕಾರಣವೇನು?

ಮೋಡದಿಂದ ಬೀಳುವ ಹನಿಗಳಲ್ಲಿ ಒಂದು ಭಾಗ ದಾರಿಯಲ್ಲೇ ಆವಿಯಾಗುತ್ತದೆ. ಇದರಿಂದ ಅಲ್ಲಿನ ಗಾಳಿ ತಂಪಾಗಿ, ಭಾರವಾಗಿ ಕೆಳಗಿಳಿದು, ಅಂಗಳಕ್ಕೆ ಸುರಿದ ನೀರಿನಂತೆ ನೆಲದ ಮೇಲೆ ಹರಡುತ್ತದೆ. ಕೆಲವೊಮ್ಮೆ ಹತ್ತಾರು ಕಿ.ಮೀ. ಸಾಗುತ್ತದೆ. ಎದುರಿಗಿರುವ ಬಿಸಿಗಾಳಿ ಹಗುರ. ತಂಪುಗಾಳಿ ಅದರ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ಆ ಗಾಳಿಯಲ್ಲಿ ತೇವ ಸಾಕಷ್ಟಿದ್ದರೆ, ಮೇಲೇರಿ ತಣಿದು ಹೊಸ ಗುಡುಗು ಮೋಡವಾಗುತ್ತದೆ. ಇಲ್ಲವಾದರೆ ಬರೀ ಧೂಳು. ಎರಡು ಕಡೆಯ ತಂಪುಗಾಳಿಗಳು ಸಂಧಿಸಿದಲ್ಲಿ ಹೊಸ ಮೋಡ ಏಳುವ ಸಂಭವ ಹೆಚ್ಚು.

ಆದ್ದರಿಂದ ಮಳೆ ಪಕ್ಕದೂರಿನಲ್ಲೇ ಮುಗಿಯಿತೆಂದು ರೈತ ಬಾಂಧವರು ನಿಶ್ಚಿಂತರಾಗಬಾರದು. ಇಂಥ ಗಾಳಿಯೊಡನೆ ಗುಡುಗು ಕೇಳಿಸಿದರೆ ಕೆಲಸ ನಿಲ್ಲಿಸಿ, ಗಟ್ಟಿ ಕಟ್ಟಡ ಸೇರಬೇಕು. ಮರದಡಿ ನಿಲ್ಲಬಾರದು; ದನಕರುಗಳನ್ನೂ ಅಲ್ಲಿ ಕಟ್ಟಬಾರದು. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಹೊಲಕ್ಕಿಳಿಯಬೇಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್‌ನಲ್ಲಿ ಸಿಡಿಲಿನ ಎಚ್ಚರಿಕೆ ದೊರೆಯುತ್ತದೆ.