ಮಾಯದ ಗಾಯವೂ ಬೆಳವಣಿಗೆಯ ಅಂಶಗಳೂ

ದಲಾಲಿ ಅಂಗಡಿಯ ಗಾದಿಯ ಮೇಲೆ ದಿನವಿಡೀ ಕುಳಿತಿರುವ ವರ್ತಕರಿಗಾಗಲಿ, ಜಿನ್ನಿಂಗ್ ಗಿರಣಿಯಲ್ಲಿ ಅಂಡಿಗೆ ಕಟ್ಟುವವರಿಗಾಗಲಿ, ಬೆಟಗೇರಿಯ ಕುಣಿಮಗ್ಗವನ್ನು ತುಳಿಯುವ ನೇಕಾರರಿಗಾಗಲಿ ಸಕ್ಕರೆ ಕಾಯಿಲೆ ಇಂದು ಅಪರೂಪವಲ್ಲ. ಇಂಥವರ ಅಂಗಾಲಿಗಾದ ಚಿಕ್ಕ ಗಾಯವೊಂದು ತಿಂಗಳುಗಟ್ಟಲೆ ಮಾಯದೆ, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಸಬೇಕಾಗಿ ಬರುವುದುಂಟು. ಇದಕ್ಕೆ ಕಾರಣವೇನು?

ಗಾಯವಾದೊಡನೆ ರಕ್ತದ ಪ್ಲೇಟ್‌ಲೆಟ್ ಕಣಗಳು ಹೆಪ್ಪುಗಟ್ಟಿ, ‘ಬೆಳವಣಿಗೆಯ ಅಂಶ’ಗಳೆಂಬ ಪ್ರೋಟೀನುಗಳನ್ನು ಹೊರಸೂಸುತ್ತವೆ. ಇವು ಒಂದು ಬಗೆಯ ಕರೆಯೋಲೆಗಳು. ಕರೆಗೆ ಓಗೊಟ್ಟು ಬಂದ ಬಿಳಿ ರಕ್ತಕಣಗಳು ರೋಗಾಣುಗಳನ್ನೂ ಸತ್ತ ಅಂಗಾಂಶವನ್ನೂ ತೆರವುಗೊಳಿಸುತ್ತವೆ. ಆಗ ಕಾಣುವ ಕೆಂಪು, ಬಾವು, ನೋವುಗಳೇ ಉರಿಯೂತ. ಇದನ್ನು ಶತ್ರುವೆಂದು ಭಾವಿಸುವುದು ಸರಿಯಲ್ಲ, ಶುದ್ಧಿಯಾಗದೆ ದುರಸ್ತಿಯಿಲ್ಲ. ಕೆಲವು ದಿನಗಳಲ್ಲಿ ಅದೇ ಬಿಳಿಕಣಗಳ ಪೈಕಿ ಮ್ಯಾಕ್ರೊಫೇಜ್ ಎಂಬವು ವೃತ್ತಿ ಬದಲಿಸಿ, ತಾವೇ ಬೆಳವಣಿಗೆಯ ಅಂಶಗಳನ್ನು ಸ್ರವಿಸತೊಡಗುತ್ತವೆ. ಅವುಗಳಲ್ಲೊಂದು ಉರಿಯೂತವನ್ನು ತಣಿಸಿ ಕೊಲಾಜನ್ ನೇಯಿಸುತ್ತದೆ. ಇನ್ನೊಂದು ಹೊಸ ರಕ್ತನಾಳಗಳನ್ನು ಚಿಗುರಿಸುತ್ತದೆ. ಮತ್ತೊಂದು ಚರ್ಮದ ಕೋಶಗಳನ್ನು ಅಂಚಿನಿಂದ ಒಳಕ್ಕೆ ಸರಿಸುತ್ತದೆ. ಈ ಅಂಶಗಳನ್ನು ಕಂಡುಹಿಡಿದುದಕ್ಕಾಗಿ ಸ್ಟ್ಯಾನ್ಲಿ ಕೋಹೆನ್ ಹಾಗೂ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರ ನೊಬೆಲ್ ಪಾರಿತೋಷಕ ಸಂದಿತು.

ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಈ ಬದಲಾವಣೆ ಸಕಾಲಕ್ಕೆ ನಡೆಯುವುದಿಲ್ಲ. ಉರಿಯೂತ ನಿಲ್ಲದೆ ಮುಂದುವರಿಯುತ್ತದೆ. ಅಲ್ಲಿ ಹೆಚ್ಚಿದ ಕಿಣ್ವಗಳು ಬೆಳವಣಿಗೆಯ ಅಂಶಗಳನ್ನೇ ತುಂಡರಿಸುತ್ತವೆ. ನರಗಳು ಜೋಮುಗಟ್ಟಿರುವುದರಿಂದ ನೋವೂ ತಿಳಿಯದು.

ಕೊರತೆ ಬಿದ್ದ ಅಂಶವನ್ನು ಹೊರಗಿನಿಂದ ಕೊಡುವ ಜೆಲ್ 1997ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯೂ ಇಂಥ ಇನ್ನೊಂದು ಅಂಶದ ಜೆಲ್ ತಯಾರಿಸಿತು. ಆದರೆ ಸತ್ತ ಅಂಗಾಂಶವನ್ನು ವೈದ್ಯರು ಕತ್ತರಿಸಿ ತೆಗೆಯದೆ, ಪಾದಕ್ಕೆ ರಕ್ತ ಸಂಚಾರವಿದೆಯೇ ಎಂದು ಪರೀಕ್ಷಿಸದೆ ಜೆಲ್ ಹಚ್ಚುವುದು ಹರಿದ ಚೀಲಕ್ಕೆ ಕಾಳು ತುಂಬಿದಂತೆ. ಅರಿಸಿನ, ಕಾಫಿಪುಡಿ ಮೆತ್ತಿ ವಾರಗಟ್ಟಲೆ ಕಾಯುವುದಂತೂ ಅಪಾಯಕರ. ಗಾಯದ ಸ್ಥಳದಲ್ಲಿ ಅರ್ಬುದವಿದ್ದರೆ ಈ ಜೆಲ್ ಬಳಸುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು, ಗಾಯದ ಮೇಲೆ ಮೈಭಾರ ಬೀಳದಿರುವುದು. ಪ್ರತಿ ಹೆಜ್ಜೆಯೂ ಉರಿಯೂತವನ್ನು ಮತ್ತೆ ಕೆರಳಿಸುತ್ತದೆ. ವೈದ್ಯರು ಹಲವು ವಾರ ಕಾಲೂರಬೇಡವೆಂದರೆ ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಹಮಾಲರಿಗೆ ಅಷ್ಟು ದಿನದ ಕೂಲಿಯೇ ಹೋಗುತ್ತದೆ. ಆದುದರಿಂದಲೇ ಅವರು ಗಾಯವನ್ನು ಮರೆಮಾಚುತ್ತಾರೆ. ಆ ಅವಧಿಗೆ ತೂಕದ ಚೀಟಿ ಬರೆಯುವಂಥ, ಕುಳಿತು ಮಾಡುವ ಕೆಲಸವನ್ನು ಒದಗಿಸುವುದು ಮಾಲೀಕರ ಕೈಯಲ್ಲಿದೆ.