ನಾಸಿಕ ಮತ್ತು ಸಂಭಾಜಿನಗರಗಳಲ್ಲಿ ಮನೆ-ನಿವೇಶನಗಳ ದಲ್ಲಾಳಿ ವೃತ್ತಿ

ಅರಬ್ಬಿಯ ‘ದಲ್ಲಾಲ್’ ಎಂಬ ಶಬ್ದದ ಧಾತುವಿಗೆ ದಾರಿ ತೋರಿಸುವುದು ಎಂಬ ಅರ್ಥವಿದೆ. ಆ ಶಬ್ದವು ನಮ್ಮ ನುಡಿಗೆ ಬಂದು ‘ದಲ್ಲಾಳಿ’ಯಾಗುವಷ್ಟರಲ್ಲಿ ಅದರ ಗೌರವವೆಲ್ಲ ಸವೆದುಹೋಗಿ, ಇಬ್ಬರ ನಡುವೆ ನಿಂತು ಎರಡೂ ಕಡೆಯಿಂದ ಹಣ ಪಡೆಯುವವನೆಂಬ ಭಾವನೆಯೊಂದೇ ಉಳಿಯಿತು. ಮಗನು ಗುಮಾಸ್ತನಾದರೂ ಚಿಂತೆಯಿಲ್ಲ, ದಲ್ಲಾಳಿಯಾಗಬಾರದೆಂದು ಬಗೆದ ವಿದ್ಯಾವಂತ ಮನೆತನಗಳು ನಮ್ಮಲ್ಲಿ ಅನೇಕ. ಈ ತಿರಸ್ಕಾರಕ್ಕೆ ಕಾರಣವಿಲ್ಲದಿಲ್ಲ. ಆದರೆ ಗೋದಾವರಿಯ ಸೀಮೆಗೆ ಬಂದು ನೆಲೆಸಿದ ಕನ್ನಡಿಗನು ತನ್ನ ಜೀವಮಾನದ ಉಳಿತಾಯವನ್ನೆಲ್ಲ ಒಂದು ಖರೀದಿ ಪತ್ರದ ಮೇಲೆ ಇಡುವ ದಿನ, ಅವನ ಪಕ್ಕದಲ್ಲಿ ನಿಂತಿರುವವನು ಬಂಧುವಲ್ಲ, ಬಹುಮಟ್ಟಿಗೆ ಈ ದಲ್ಲಾಳಿಯೇ. ನಮ್ಮವರಲ್ಲಿಯೂ ಕೆಲವು ತರುಣರು ಈಗ ಈ ವೃತ್ತಿಯತ್ತ ನೋಡುತ್ತಿದ್ದಾರೆ. ಆದುದರಿಂದ ಇದರಲ್ಲಿ ಏಳಿಗೆ ಹೊಂದುವ ಬಗೆ ಯಾವುದೆಂಬ ಪ್ರಶ್ನೆಯು ವಿಚಾರಕ್ಕೆ ತಕ್ಕುದಾಗಿದೆ.

ಮಾತಿನ ಚಾತುರ್ಯ, ಪರಿಚಿತರ ಬಳಗ, ಬಿಸಿಲಿನಲ್ಲಿ ಅಲೆಯುವ ತಾಳ್ಮೆ, ಇವೆಲ್ಲ ಬೇಕಾದುವೇ. ಆದರೆ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ಈ ವೃತ್ತಿಯು ಬಹುಕಾಲ ನಿಲ್ಲುವುದು ನೆಲದ ಇತಿಹಾಸವನ್ನು ಬಲ್ಲವನಿಗೆ. ಆ ಇತಿಹಾಸವು ಕನ್ನಡಿಗನಿಗೆ ಪರಕೀಯವಾದುದಲ್ಲ ಎಂಬುದನ್ನು ಇಲ್ಲಿ ವಿವರಿಸುವೆವು.

1956ರ ನವೆಂಬರ್ 1ರ ವರೆಗೆ ನಾಸಿಕ ಜಿಲ್ಲೆಯು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೊಂದಿಗೆ ಮುಂಬಯಿ ಆಡಳಿತದಲ್ಲಿತ್ತು. ಆಗ ಔರಂಗಾಬಾದು ಎನಿಸಿದ್ದ ಸಂಭಾಜಿನಗರವು ಕಲಬುರ್ಗಿ, ಬೀದರ, ರಾಯಚೂರುಗಳೊಂದಿಗೆ ಹೈದರಾಬಾದಿನಲ್ಲಿತ್ತು. ಅಂದರೆ ಉತ್ತರ ಕರ್ನಾಟಕದ ಎರಡು ಹೋಳುಗಳಿಗೆ ಈ ಎರಡು ಊರುಗಳೂ ಒಂದೊಂದು ಹಳೆಯ ಸಂಗಾತಿ. ಏಕೀಕರಣದಲ್ಲಿ ನಮ್ಮ ಹೋಳುಗಳು ಕೂಡಿದುವು. ಅದೇ ದಿನ ಮರಾಠವಾಡೆಯು ಮುಂಬಯಿ ರಾಜ್ಯವನ್ನು ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಮುಂದಿನ ದಾರಿ ಮಾತ್ರ ಬೇರೆಯಾಯಿತು. ಕರ್ನಾಟಕವು 1961ರ ಭೂಸುಧಾರಣಾ ಕಾಯಿದೆಯನ್ನು ರಚಿಸಿ ತನ್ನ ನಾನಾ ಪ್ರದೇಶಗಳ ಗೇಣಿ ಕಾಯಿದೆಗಳನ್ನು ಒಂದುಗೂಡಿಸಿತು. ಮಹಾರಾಷ್ಟ್ರವು ಹಾಗೆ ಮಾಡಲಿಲ್ಲ. ನಾಸಿಕದಲ್ಲಿ ಇಂದಿಗೂ ನಡೆಯುವುದು ಮುಂಬಯಿಯ 1948ರ ಗೇಣಿ ಕಾಯಿದೆ. ಸಂಭಾಜಿನಗರದಲ್ಲಿ ಹೈದರಾಬಾದಿನ 1950ರ ಕಾಯಿದೆ. ವಿದರ್ಭಕ್ಕೆ ಮೂರನೆಯದೊಂದಿದೆ. ನಮ್ಮ ಅಜ್ಜಂದಿರು ಬಲ್ಲ ವ್ಯವಸ್ಥೆಗಳು ನಮ್ಮಲ್ಲಿ ಕಾಣದಾಗಿ ಇಲ್ಲಿ ಜೀವಂತವಾಗಿರುವುದು ವಿಚಿತ್ರವೇ ಸರಿ.

ಶಬ್ದಗಳನ್ನೇ ನೋಡಬಹುದು. ಬೆಂಗಳೂರಿನವನಿಗೆ ಪಹಣಿಯಾದುದು ಧಾರವಾಡದವನ ಬಾಯಲ್ಲಿ ‘ಉತಾರ’. ನಾಸಿಕದಲ್ಲಿ ಅದು ‘ಸಾತ್-ಬಾರಾ ಉತಾರಾ’, ಅಂದರೆ ಗ್ರಾಮಲೆಕ್ಕದ 7ನೆಯ ಮತ್ತು 12ನೆಯ ನಮೂನೆಗಳು ಕೂಡಿದ ಪತ್ರ. ಏಳರಲ್ಲಿ ಹಕ್ಕುದಾರರು, ಹನ್ನೆರಡರಲ್ಲಿ ಬೆಳೆ. ಹಕ್ಕು ಬದಲಾದ ದಾಖಲೆಯು 6ನೆಯ ನಮೂನೆಯಲ್ಲಿದ್ದು ‘ಫೇರಫಾರ್’ ಎನಿಸುತ್ತದೆ. ಕೃಷಿಯಿಂದ ಬಿಡಿಸಿದ ಜಮೀನಿಗೆ ವಿಜಾಪುರದವರು ಹೇಳುವ ‘ಬಿನ್‌ಶೇತ್ಕಿ’ ಎಂಬ ಮಾತೂ ಈ ನಾಡಿನದೇ. ಇನಾಮು, ಜಹಗೀರು, ಪಟವಾರಿ ಮುಂತಾದ ಮಾತುಗಳನ್ನು ಬೀದರದವನಿಗೆ ಸಂಭಾಜಿನಗರದಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕಾಗದಗಳು ನಾಸಿಕದಲ್ಲಿ ಮೋಡಿ ಲಿಪಿಯಲ್ಲಿಯೂ ಸಂಭಾಜಿನಗರದಲ್ಲಿ ಉರ್ದುವಿನಲ್ಲಿಯೂ ಸಿಗುತ್ತವೆ. ಇವುಗಳನ್ನು ಓದಬಲ್ಲವರು ಈಗ ವಿರಳ. ಅಂಥವರೊಬ್ಬರ ಪರಿಚಯವು ದಲ್ಲಾಳಿಗೆ ಹತ್ತು ಜಾಹೀರಾತುಗಳಿಗಿಂತ ಹೆಚ್ಚು.

ಇನ್ನು ಉತಾರವನ್ನು ಓದುವ ಬಗೆ. ಹೆಸರು, ಕ್ಷೇತ್ರ, ಸಾಲದ ಬೋಜಾ ಇವುಗಳನ್ನು ಎಲ್ಲರೂ ನೋಡುತ್ತಾರೆ. ಕಣ್ತಪ್ಪುವುದು ಮೇಲ್ಭಾಗದ ಒಂದು ಸಣ್ಣ ಮಾತು: ‘ಭೋಗವಟಾದಾರ ವರ್ಗ 1’ ಅಥವಾ ‘ವರ್ಗ 2’. ಮೊದಲನೆಯ ವರ್ಗದವನು ಜಮೀನನ್ನು ತನ್ನ ಇಚ್ಛೆಯಂತೆ ಪರಭಾರೆ ಮಾಡಬಲ್ಲನು. ಎರಡನೆಯವನಿಗೆ ಸರ್ಕಾರದ ಅನುಮತಿ ಬೇಕು. ನಾಸಿಕದ ಸುತ್ತಲಿನ ಅನೇಕ ಜಮೀನುಗಳು 1957ರ ಏಪ್ರಿಲ್ 1ರಂದು, ‘ಕೃಷಿಕ ದಿನ’ವೆಂದು ಕಾಯಿದೆ ಕರೆದ ಆ ದಿನ, ಗೇಣಿದಾರರ ಒಡೆತನಕ್ಕೆ ಬಂದುವು. ಹಾಗೆ ಬಂದ ಜಮೀನನ್ನು ಮಾರುವುದಕ್ಕೆ ಕಾಯಿದೆಯ 43ನೆಯ ಕಲಮು ಅಡ್ಡವಿದೆ. ಖರೀದಿ ಪ್ರಮಾಣಪತ್ರ ದೊರೆತು ಹತ್ತು ವರ್ಷ ಕಳೆದಿದ್ದರೆ ಕಂದಾಯದ 40 ಪಟ್ಟು ಕಟ್ಟಿ ಬಿಡಿಸಿಕೊಳ್ಳಲು 2014ರ ತಿದ್ದುಪಡಿಯು ದಾರಿ ಮಾಡಿತು. ಮೊತ್ತವು ಅಲ್ಪ, ಕಟ್ಟದೆ ಬಿಟ್ಟ ತೊಡಕು ಅಲ್ಪವಲ್ಲ. ಇದಲ್ಲದೆ ಕೃಷಿಕನಲ್ಲದವನು ಕೃಷಿಭೂಮಿಯನ್ನು ಕೊಳ್ಳಬಾರದೆಂಬ ನಿರ್ಬಂಧವನ್ನು ಕರ್ನಾಟಕವು 2020ರಲ್ಲಿ ತೆಗೆದುಹಾಕಿತು, ಮಹಾರಾಷ್ಟ್ರವು ಉಳಿಸಿಕೊಂಡಿದೆ. ಊರಿನ ರೂಢಿಯನ್ನೇ ನಂಬಿ ಇಲ್ಲಿ ಹೊಲ ಹಿಡಿಯಹೋದವನನ್ನು ತಡೆದು ನಿಲ್ಲಿಸುವುದು ದಲ್ಲಾಳಿಯ ಮೊದಲ ಕರ್ತವ್ಯ. ಆ ದಿನದ ಕಮಿಶನ್ ಹೋದರೂ ಚಿಂತೆಯಿಲ್ಲ.

ಉತಾರವು ಒಡೆತನದ ಅಂತಿಮ ಪ್ರಮಾಣವಲ್ಲ ಎಂಬುದನ್ನೂ ಮರೆಯಲಾಗದು. 1908ರ ನೋಂದಣಿ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ನೋಂದಾಯಿಸಲ್ಪಡುವುದು ಪತ್ರ, ಒಡೆತನವಲ್ಲ. ಮಾರುವವನಿಗೆ ನಿಜವಾಗಿಯೂ ಹಕ್ಕಿತ್ತೇ ಎಂದು ಉಪನೋಂದಣಾಧಿಕಾರಿಯು ಜವಾಬು ಕೊಡುವುದಿಲ್ಲ. ಅದಕ್ಕಾಗಿಯೇ 30 ವರ್ಷಗಳ ಪತ್ರಗಳನ್ನು ಹುಡುಕಿಸುವ ವಾಡಿಕೆ ಬೆಳೆದಿದೆ.

ನಾಸಿಕವು ಬೆಳೆದದ್ದು ತೀರ್ಥದಿಂದ, ಬಳಿಕ ಕಾರ್ಖಾನೆಗಳಿಂದ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು 1964ರಲ್ಲಿ ಓಝರಿನಲ್ಲಿ ಮಿಗ್ ವಿಮಾನಗಳ ಕಾರ್ಖಾನೆಯನ್ನು ಸ್ಥಾಪಿಸಿತು. ಸಾತಪೂರ, ಅಂಬಡಗಳ ಕೈಗಾರಿಕಾ ವಸಾಹತುಗಳೂ ಸಿಡ್ಕೋದ ಹೊಸ ನಾಸಿಕವೂ ಎದ್ದುವು. ಇಲ್ಲಿಯ ದಲ್ಲಾಳಿಗೆ ಎರಡು ಸಂಗತಿಗಳು ಕರತಲಾಮಲಕವಾಗಿರಬೇಕು. ಒಂದನೆಯದು ನೀರಿನ ಗೆರೆ. 2008ರ ಸೆಪ್ಟೆಂಬರಿನ ಮಹಾಪೂರದ ತರುವಾಯ ಗೋದಾವರಿಯ ಎರಡೂ ದಂಡೆಗಳಲ್ಲಿ ನೀಲಿ ಮತ್ತು ಕೆಂಪು ಪೂರರೇಖೆಗಳನ್ನು ಗುರುತಿಸಲಾಯಿತು. ಅವುಗಳೊಳಗಣ ನಿವೇಶನಕ್ಕೆ ಕಟ್ಟಡದ ನಿರ್ಬಂಧಗಳು ಕಠಿಣ. ನದಿ ಕಾಣುವ ಮನೆಯೆಂದು ಹೊಗಳುವವನು ಗೆರೆಯನ್ನೂ ತೋರಿಸಬೇಕು. ಎರಡನೆಯದು ಹಳೆಯ ಪೇಟೆಗಳ ವಾಡೆಗಳು. ಒಂದೊಂದು ವಾಡೆಗೆ ಮೂರು ತಲೆಮಾರಿನ ವಾರಸುದಾರರು, ಬಿಡಲೊಲ್ಲದ ಬಾಡಿಗೆದಾರರು. ಮಳೆಗಾಲದಲ್ಲಿ ಗೋಡೆ ಕುಸಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಇಂಥ ವಾಡೆಯೊಂದನ್ನು ಇತ್ಯರ್ಥಕ್ಕೆ ತರುವುದು ವರ್ಷಗಳ ಕೆಲಸ. ಇದರಲ್ಲಿ ಗೆದ್ದವನ ಹೆಸರು ಪೇಟೆಯಲ್ಲಿ ಉಳಿಯುತ್ತದೆ. 2027ರ ಸಿಂಹಸ್ಥ ಕುಂಭಮೇಳದ ನಿಮಿತ್ತ ತಪೋವನದ ಕಡೆ ಬೆಲೆ ಏರೀತೆಂಬ ಮಾತಿಗೆ ನಾವು ಹೆಚ್ಚು ಬೆಲೆ ಕೊಡಲಾರೆವು. ಸಾಧುಗ್ರಾಮಕ್ಕೆಂದು ಕಾದಿರಿಸಿದ ಭೂಮಿಯ ಪಕ್ಕದಲ್ಲಿ ಕೊಳ್ಳುವವನು ಮೊದಲು ವಿಕಾಸ ಯೋಜನೆಯ ನಕಾಶೆಯನ್ನು ಬಿಚ್ಚಿ ನೋಡುವುದು ಮೇಲು.

ಇಲ್ಲಿಂದ ಸುಮಾರು 200 ಕಿಲೋಮೀಟರು ಪೂರ್ವಕ್ಕೆ ಹೋದರೆ ನೆಲದ ಸ್ವಭಾವವೇ ಬೇರೆ. ಮಲಿಕ್ ಅಂಬರನು 1610ರ ಸುಮಾರಿಗೆ ಖಡಕಿಯೆಂಬ ಹಳ್ಳಿಯಲ್ಲಿ ಕಟ್ಟಿದ ಊರು ಔರಂಗಜೇಬನ ಕಾಲದಲ್ಲಿ ಔರಂಗಾಬಾದಾಗಿ, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಪತ್ರಗಳಲ್ಲಿ ಹೆಸರು ಎರಡು, ಊರು ಒಂದು. ಗುಲ್ಬರ್ಗವು 2014ರಲ್ಲಿ ಕಲಬುರಗಿಯಾದುದನ್ನು ಕಂಡವರಿಗೆ ಇದು ಹೊಸದಲ್ಲ. 1949ರಲ್ಲಿ ಜಹಗೀರುಗಳು ರದ್ದಾದುವು. 1954ರಲ್ಲಿ ಇನಾಮು ರದ್ದಿಯಾತಿ ಕಾಯಿದೆ ಬಂದಿತು. ಆದರೂ ದರ್ಗಾ, ಮಸೀದಿ, ದೇವಾಲಯಗಳ ಸೇವೆಗೆಂದು ಬಿಟ್ಟ ಇನಾಮು ಭೂಮಿಗಳ ವ್ಯಾಜ್ಯಗಳು ತೀರಿಲ್ಲ. ರಾಜ್ಯದ ವಕ್ಫ್ ಮಂಡಳಿಯ ಕಚೇರಿಯು ಇದೇ ಊರಿನ ಪಾಣಚಕ್ಕಿಯಲ್ಲಿರುವುದು ಇಲ್ಲಿಯ ದಲ್ಲಾಳಿಗೆ ಒಂದು ಅನುಕೂಲವೇ: ಸಂಶಯ ಬಂದಾಗ ದಾಖಲೆಯನ್ನು ಕೇಳಲು ಪರಸ್ಥಳಕ್ಕೆ ಹೋಗಬೇಕಾಗಿಲ್ಲ.

ಈ ಊರಿನಲ್ಲಿ ಈಗ ಬೆಲೆಗಳನ್ನು ಏರಿಸುತ್ತಿರುವುದು ಶೇಂದ್ರಾ-ಬಿಡಕೀನಗಳ ಔರಿಕ್ ಕೈಗಾರಿಕಾ ನಗರ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು 2024ರ ಜುಲೈಯಲ್ಲಿ ಇಲ್ಲಿ 20,000 ಕೋಟಿ ರೂಪಾಯಿಗಳನ್ನು ತೊಡಗಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಬೆಂಗಳೂರಿನ ಏಥರ್ ಸಂಸ್ಥೆಯೂ ಅದೇ ವರ್ಷ ಇದೇ ಬಿಡಕೀನವನ್ನು ಆರಿಸಿಕೊಂಡಿತು. 701 ಕಿಲೋಮೀಟರುಗಳ ಸಮೃದ್ಧಿ ಮಹಾಮಾರ್ಗವು 2025ರ ಜೂನಿನಲ್ಲಿ ಪೂರ್ಣವಾಗಿ ತೆರೆದ ಮೇಲೆ ಎರಡೂ ಜಿಲ್ಲೆಗಳು ಮುಂಬಯಿಗೆ ಸಮೀಪವಾದುವು. ಇಂಥ ಸುದ್ದಿ ಬಂದ ಮರುದಿನವೇ ಹೊಲಗಳು ಒಂದು ಗುಂಟೆ, ಎರಡು ಗುಂಟೆಗಳ ತುಂಡುಗಳಾಗಿ ಹಂಚಿಹೋಗುತ್ತವೆ. 1947ರ ತುಂಡು ಜಮೀನು ಪ್ರತಿಬಂಧಕ ಕಾಯಿದೆಯು ಇದಕ್ಕೆ ವಿರುದ್ಧವಾಗಿತ್ತು. 2025ರಲ್ಲಿ ಸರ್ಕಾರವು ನಗರವಲಯಗಳ ಮಟ್ಟಿಗೆ ಅದನ್ನು ಸಡಿಲಿಸಿದೆ. ಸಡಿಲಿಸಿದ ಮಾತ್ರಕ್ಕೆ ಆ ತುಂಡಿಗೆ ರಸ್ತೆಯೂ ಚರಂಡಿಯೂ ಮಂಜೂರಾದ ನಕಾಶೆಯೂ ಹುಟ್ಟಿಬರುವುದಿಲ್ಲ. ನೀರಂತೂ ದೂರವೇ ಉಳಿಯಿತು. ಪೈಠಣದ ಜಾಯಕವಾಡಿ ಜಲಾಶಯದಿಂದ ನೀರು ತರುವ ಈ ನಗರದಲ್ಲಿ ವರ್ಷಾನುವರ್ಷ ನಲ್ಲಿಗಳು ಹಲವು ದಿನಗಳಿಗೊಮ್ಮೆ ಹರಿದಿವೆ.

ವೃತ್ತಿಗೆ ಶಾಸನದ ಚೌಕಟ್ಟು ಬಂದುದು ಇತ್ತೀಚೆಗೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯು 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಾಯಿತು. ಮಹಾರಾಷ್ಟ್ರದಲ್ಲಿ ಮಹಾರೇರಾ ಪ್ರಾಧಿಕಾರವು ಅದನ್ನು ನಡೆಸುತ್ತದೆ. 500 ಚದರ ಮೀಟರಿಗೆ ಅಥವಾ ಎಂಟು ಮನೆಗಳಿಗೆ ಮೀರಿದ ಯೋಜನೆಯು ನೋಂದಾಯಿತವಾಗಿರಬೇಕು. ಅದರ ಮನೆಗಳನ್ನು ಮಾರಿಸುವ ದಲ್ಲಾಳಿಯೂ ನೋಂದಾಯಿತನಾಗಿರಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಆಸ್ತಿಯ ಬೆಲೆಯ ಶೇಕಡಾ 5ರ ವರೆಗೆ. 2023ರಲ್ಲಿ ಮಹಾರೇರಾ ಇನ್ನೊಂದು ಹೆಜ್ಜೆಯಿಟ್ಟು ತರಬೇತಿಯನ್ನೂ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು. ಅಂಗಡಿಯ ಮುಂದೆ ಫಲಕ ತೂಗಿಸಿದವರೆಲ್ಲ ದಲ್ಲಾಳಿಗಳಾಗುತ್ತಿದ್ದ ಕಾಲವು ಅಲ್ಲಿಗೆ ಮುಗಿಯಿತು. ಆದರೆ ಕಾಯಿದೆಯ ಕೈ ಹಳೆಯ ಮನೆಗಳ ಮರುಮಾರಾಟಕ್ಕೂ ಬಿಡಿ ಹೊಲಗಳಿಗೂ ಎಟಕುವುದಿಲ್ಲ. ಬಡವನು ಮೋಸಹೋಗುವುದು ಹೆಚ್ಚಾಗಿ ಆ ಗುಂಟೆಯ ತುಂಡುಗಳಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಸಂಪಾದನೆಯ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಪೇಟೆಯ ವಾಡಿಕೆಯು ಶೇಕಡಾ ಒಂದರಿಂದ ಎರಡು. ವ್ಯವಹಾರ ಮುಗಿಯುವವರೆಗೆ ಕಾಸಿಲ್ಲ; ಮೊದಲ ವರ್ಷ ಕೈಯಿಂದಲೇ ಖರ್ಚು. ಇಡೀ ಊರನ್ನು ಹಿಡಿಯಹೋಗದೆ ಇಂದಿರಾನಗರವನ್ನೋ ಗಾರಖೇಡವನ್ನೋ ಹಿಡಿದು, ಅಲ್ಲಿಯ ಪ್ರತಿಯೊಂದು ಸೊಸೈಟಿಯ ಹಸ್ತಾಂತರ ಪತ್ರವಾಗಿದೆಯೇ, ಸಿಡ್ಕೋದ ಗುತ್ತಿಗೆಯ ನಿವೇಶನ ಯಾವುದು, ಸ್ವಂತದ್ದು ಯಾವುದು ಎಂದು ಟಿಪ್ಪಣಿ ಮಾಡಿಟ್ಟವನಿಗೆ ಮೂರನೆಯ ವರ್ಷದಿಂದ ಗಿರಾಕಿಗಳು ತಾವಾಗಿಯೇ ಬರತೊಡಗುತ್ತಾರೆ.

ಕೊನೆಗೆ ಮುಂಗಡದ ವಿಷಯ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ‘ಸಂಚಕಾರ’ವೆನ್ನುತ್ತಾರೆ, ಮರಾಠಿಯಲ್ಲಿಯೂ ಆ ಮಾತು ಉಂಟು. ಅದೇ ಶಬ್ದಕ್ಕೆ ಕನ್ನಡದಲ್ಲಿ ಆಪತ್ತು ಎಂಬ ಅರ್ಥವೂ ಇರುವುದನ್ನು ಅನುಭವಸ್ಥರು ಸುಮ್ಮನೆ ಸೇರಿಸಿರಲಾರರು. ನೋಂದಾಯಿತ ಯೋಜನೆಯಲ್ಲಿ ಕರಾರುಪತ್ರವನ್ನು ನೋಂದಾಯಿಸುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚನ್ನು ಕಟ್ಟಡದವನು ಪಡೆಯಕೂಡದೆಂದು ಕಾಯಿದೆಯ 13ನೆಯ ಕಲಮು ವಿಧಿಸುತ್ತದೆ. ಇಪ್ಪತ್ತು ಕೊಟ್ಟರೆ ಮಹಡಿ ಗಟ್ಟಿಯಾದೀತೆಂದು ಅವಸರಪಡಿಸುವ ಕಡೆ, ಗಿರಾಕಿಯ ಪರವಾಗಿ ಆ ಕಲಮನ್ನು ತೆಗೆದು ಮೇಜಿನ ಮೇಲೆ ಇಡಬೇಕಾದವನು ದಲ್ಲಾಳಿ.