ಗುಪ್ತ ಮತದಾನ: ಯಾರ ಮತ ಯಾರಿಗೆ ಎಂಬ ಲೆಕ್ಕ ಸಿಗುವುದೆಲ್ಲಿಂದ?

ಚುನಾವಣೆ ಮುಗಿದ ಬೆನ್ನಲ್ಲೇ 'ಈ ಜಾತಿಯ ಶೇ. ಇಷ್ಟು ಮಂದಿ ಆ ಪಕ್ಷಕ್ಕೆ', 'ಮಹಿಳೆಯರ ಒಲವು ಈ ಪಕ್ಷಕ್ಕೆ' ಎಂಬ ವಿಶ್ಲೇಷಣೆಗಳು ಹೊರಬೀಳುತ್ತವೆ. ಆದರೆ ಮತಯಂತ್ರಕ್ಕೆ ಮತದಾರನ ಜಾತಿ, ವಯಸ್ಸು ಯಾವುದೂ ತಿಳಿಯದು. ಯಾರಿಗೆ ಮತ ಹಾಕಿದಿರೆಂದು ಹೇಳುವಂತೆ ಸಾಕ್ಷಿಯನ್ನೂ ಬಲವಂತಪಡಿಸುವಂತಿಲ್ಲ ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಂ. ಹಾಗಾದರೆ ಈ ಅಂಕಿಗಳು ಬರುವುದೆಲ್ಲಿಂದ?

ಎಷ್ಟು ಮಹಿಳೆಯರು ಮತ ಹಾಕಿದರು ಎಂಬುದು ಚುನಾವಣಾ ಆಯೋಗದ ದಾಖಲೆಯಲ್ಲೇ ಇರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಹಿಳೆಯರ ಮತದಾನ ಶೇ. 65.78, ಪುರುಷರದು ಶೇ. 65.55. ಆದರೆ ಅವರು ಯಾರಿಗೆ ಮತ ನೀಡಿದರೆಂಬುದು ಆಯೋಗಕ್ಕೂ ಗೊತ್ತಿಲ್ಲ. ಅದನ್ನು ತಿಳಿಯಲು ಮತದಾರರನ್ನೇ ಕೇಳಬೇಕು.

ಮನೆಬಾಗಿಲಿಗೆ ಮತಪೆಟ್ಟಿಗೆ

ಮತಗಟ್ಟೆಯಿಂದ ಹೊರಬರುವವರನ್ನು ಕೇಳಿ ಸಿದ್ಧಪಡಿಸುವುದು 'ಎಕ್ಸಿಟ್ ಪೋಲ್'. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ 'ಲೋಕನೀತಿ' ತಂಡದ್ದು ಬೇರೆ ವಿಧಾನ. ಮತದಾರರ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿದವರ ಮನೆಗೆ, ಮತದಾನದ ನಂತರ ಸಮೀಕ್ಷಕರು ತೆರಳುತ್ತಾರೆ. ಚಿಹ್ನೆಗಳಿರುವ ನಕಲಿ ಮತಪತ್ರ ನೀಡಿ, ಗುರುತು ಹಾಕಿ ಪೆಟ್ಟಿಗೆಗೆ ಹಾಕುವಂತೆ ಕೋರುತ್ತಾರೆ. ಬಾಯಿಬಿಟ್ಟು ಹೇಳುವ ಮುಜುಗರ ಇದರಿಂದ ತಪ್ಪುತ್ತದೆ. ವಯಸ್ಸು, ಶಿಕ್ಷಣ, ಜಾತಿ, ಉದ್ಯೋಗದ ವಿವರಗಳೊಡನೆ ಈ ಉತ್ತರಗಳನ್ನು ಹೊಂದಿಸಿದಾಗ ಸಮುದಾಯವಾರು ಅಂದಾಜು ಮೂಡುತ್ತದೆ.

ಎಡವುವುದೆಲ್ಲಿ?

ಸಾವಿರ ಮಂದಿಯ ಸಮೀಕ್ಷೆಯಲ್ಲಿ ಸಂಭವನೀಯ ವ್ಯತ್ಯಾಸ ಸುಮಾರು 3 ಅಂಶ. ಆದರೆ ಅವರಲ್ಲಿ ಒಂದು ಸಮುದಾಯದವರು ನೂರೇ ಮಂದಿ ಇದ್ದರೆ, ಆ ಸಮುದಾಯದ ಮಟ್ಟಿಗೆ ಅದು ಸುಮಾರು 10 ಅಂಶಕ್ಕೇರುತ್ತದೆ. ಶೇ. 45 ಎಂದು ಪ್ರಕಟವಾದದ್ದು 35 ಇರಬಹುದು, 55 ಕೂಡ ಇರಬಹುದು. ಜೊತೆಗೆ ಭಯದಿಂದಲೋ ಸಂಕೋಚದಿಂದಲೋ ಸುಳ್ಳು ಹೇಳುವವರೂ ಉಂಟು. 2004 ಹಾಗೂ 2024ರಲ್ಲಿ ಬಹುತೇಕ ಎಕ್ಸಿಟ್ ಪೋಲ್‌ಗಳು ತಲೆಕೆಳಗಾದದ್ದು ನೆನಪಿರಬಹುದು.

ಮತಗಟ್ಟೆವಾರು ಫಲಿತಾಂಶ ನೋಡಿ ಲೆಕ್ಕ ಹಾಕುವವರೂ ಇದ್ದಾರೆ. ನೂರು ಮತದಾರರ ಪೈಕಿ 60 ಮಂದಿ ಒಂದು ಸಮುದಾಯದವರು, ಒಂದು ಪಕ್ಷಕ್ಕೆ ಬಿದ್ದದ್ದು 60 ಮತ ಎಂದುಕೊಳ್ಳಿ. ಅಷ್ಟೂ ಆ ಸಮುದಾಯದ್ದೇ ಎನ್ನಲಾಗದು. ಉಳಿದ 40 ಮಂದಿ ಒಟ್ಟಾಗಿ ಆ ಪಕ್ಷಕ್ಕೆ ಮತ ನೀಡಿದ್ದರೆ, ಆ ಸಮುದಾಯದಿಂದ ಬಂದದ್ದು ಕೇವಲ 20!

ಗುಟ್ಟು ಉಳಿಯಿತೇ?

ಇಲ್ಲಿ ಮತ್ತೊಂದು ಆತಂಕವಿದೆ. ವ್ಯಕ್ತಿಯ ಮತ ಗುಪ್ತವಾಗಿದ್ದರೂ ಊರಿನ ಒಲವು ಬಯಲಾಗುತ್ತದೆ. ಮತ ನೀಡದ ಕೇರಿಗೆ ನೀರು, ರಸ್ತೆ ತಪ್ಪಿಸುವ ಸೇಡಿಗೆ ಇದು ದಾರಿಯಾಗಬಲ್ಲದು. ಆದ್ದರಿಂದಲೇ ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ 'ಟೋಟಲೈಸರ್' ಬಳಕೆಯನ್ನು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಆದರೆ ಅದು ಜಾರಿಗೆ ಬಂದಿಲ್ಲ.

ಜಾತಿವಾರು ಅಂಕಿ ಕಂಡಾಗ ಓದುಗರು ಕೇಳಬೇಕಾದ ಪ್ರಶ್ನೆ ಒಂದೇ: ಆ ಸಮುದಾಯದ ಎಷ್ಟು ಮಂದಿಯನ್ನು ಮಾತನಾಡಿಸಿದ್ದರು? ಉತ್ತರ ಇಲ್ಲದಿದ್ದರೆ ಅದನ್ನು ಅಂದಾಜಿಗಿಂತ ಹೆಚ್ಚೆಂದು ನಂಬಬೇಕಿಲ್ಲ.